ಕಲಕು ನೀರಿಗೆ ಕಪ್ಪು ನೊಣ

"ಭಾನುವಾರ ನಾನು ಹಿಡಿದ ಮೀನೇ ನಿನ್ನ ತಟ್ಟೆಗೆ ಬರ್ಬೇಕು. ಅಂಗಡಿ ಮೀನು ತಂದ್ರೆ ಕೇಳು!" ಎಂದು ಕತ್ತರಿಯಣ್ಣ ಹೆಂಡತಿಯ ಮುಂದೆ ಭೀಷ್ಮಪ್ರತಿಜ್ಞೆ ಮಾಡಿದ. ಊರಿನ ಅರ್ಧ ತಲೆಗಳು ಅವನ ಸಲೂನಿನಲ್ಲಿ ತಗ್ಗಿದಂಥವು. ಹಾಗಿರುವಾಗ ಹೊಳೆಯ ಮೀನು ಯಾವ ಲೆಕ್ಕ ಎಂಬ ಧೈರ್ಯ ಅವನದು. ಆಸ್ಪತ್ರೆಯ ಔಷಧಿ ಅವಳ ನಾಲಿಗೆಯ ರುಚಿಯನ್ನೆಲ್ಲ ಕಿತ್ತುಕೊಂಡಿತ್ತು. ಬೆಟ್ಟದ ಹೊಳೆಯ ಮೀನಾದರೆ ಒಂದು ತುತ್ತು ಇಳಿದೀತೆಂದು ಅವಳೇ ಅಂದಿದ್ದಳು.

ಅವನದು ಎರೆಹುಳು ಚುಚ್ಚುವ ಗಾಳವಲ್ಲ. ಕೊಕ್ಕೆಗೆ ಕೂದಲು, ಗರಿ, ನೂಲು ಸುತ್ತಿ ಹುಸಿನೊಣ ಕಟ್ಟಿ ನೀರಿನ ಮೇಲೆ ಎಸೆಯುವ ಘನವಿದ್ಯೆ. ನೀರು ತಿಳಿಯಾಗಿದ್ದರೆ ಸಣ್ಣ, ತೆಳು ಬಣ್ಣದ ನೊಣ. ಕಲಕಿದ್ದರೆ ದಪ್ಪ, ಕಪ್ಪು ನೊಣ. ಭಾನುವಾರ ಬೆಳಿಗ್ಗೆ ಸೇತುವೆಯಿಂದ ಇಣುಕಿದರೆ, ಬೆಟ್ಟದಲ್ಲಿ ಮಳೆ ಸುರಿದು ಹೊಳೆ ಹಾಲು ಬೆರೆಸಿದ ಚಹಾದಂತಾಗಿತ್ತು. ಕಪ್ಪು ಕೂದಲು ಬೇಕು, ಅದೂ ಧಾರಾಳವಾಗಿ. ಅವನ ಮನೆಯಲ್ಲಿ ಕೂದಲಿಗೆ ಬರವೇ? ಸಲೂನಿನಲ್ಲಿ ಬಿದ್ದ ಒಳ್ಳೆಯ ಕೂದಲನ್ನು ಕಾಗದದಲ್ಲಿ ಸುತ್ತಿ ಅಡುಗೆಮನೆಯ ಕಪಾಟಿನಲ್ಲಿ ಕೂಡಿಡುವುದು ಅವನ ಹಳೆಯ ಚಟ.

ಕೈಗೆ ಸಿಕ್ಕ ಪೊಟ್ಟಣ ಬಿಚ್ಚಿದ. ಉದ್ದನೆಯ ಕಪ್ಪು ಜಡೆ! "ಯಾವ ಗಿರಾಕೀದಪ್ಪಾ, ರೇಷ್ಮೆ ಇದ್ದ ಹಾಗಿದೆ" ಎಂದು ಹಿಗ್ಗುತ್ತಾ ಇಡೀ ಜಡೆಯನ್ನು ಬೆರಳುದ್ದ ಬೆರಳುದ್ದ ಕತ್ತರಿಸಿ, ನೊಣಗಳ ಸೈನ್ಯವನ್ನೇ ಕಟ್ಟಿಕೊಂಡು ದಂಡಯಾತ್ರೆ ಹೊರಟ.

ಮೊದಲನೆಯ ನೊಣ ಬಂಡೆಗೆ ಸಿಕ್ಕಿತು. ಎರಡನೆಯದು ಮರದ ಕೊಂಬೆಗೆ. ಮೂರನೆಯದು ಅವನದೇ ಅಂಗಿಯ ಬೆನ್ನಿಗೆ. ಮಿಕ್ಕವನ್ನು ಹೊಳೆ ಒಂದೊಂದಾಗಿ ಎಳೆದುಕೊಂಡು ಹೋಯಿತು. ಸಂಜೆ ಸೊಂಟದವರೆಗೆ ನೆನೆದು, ಬರಿಗೈಯಲ್ಲಿ ಮನೆಗೆ ಬಂದ.

ಹೆಂಡತಿ ತಲೆಗೆ ಬಟ್ಟೆ ಸುತ್ತಿಕೊಂಡು, ಸ್ಟೂಲ್ ಹತ್ತಿ ಕಪಾಟು ತಡಕಾಡುತ್ತಿದ್ದಳು.

"ರೀ, ನನ್ನ ಜಡೆ ನೋಡಿದ್ರಾ? ನಿಮ್ಮ ಪೊಟ್ಟಣಗಳ ಜೊತೆಗೇ ಇಟ್ಟಿದ್ದೆ. ನಾಳೆ ವಿಗ್ ಮಾಡೋರಿಗೆ ಕೊಡ್ಬೇಕು. ನನ್ನ ಕೂದಲಲ್ಲೇ ಮಾಡಿಕೊಡ್ತಾರಂತೆ."

ಕತ್ತರಿಯಣ್ಣ ಗಾಳದ ಕೋಲನ್ನು ಗೋಡೆಗೆ ಒರಗಿಸಿದ. ಔಷಧಿಗೆ ಉದುರುವ ಮೊದಲೇ ಕತ್ತರಿಸಿಬಿಡಿ ಎಂದು ಅವಳು ಮೊದಲು ಕೇಳಿದ್ದು ಅವನನ್ನೇ. ಊರಿಗೆಲ್ಲ ಕತ್ತರಿ ಆಡಿಸಿದವನು ಅಂದು ಕತ್ತರಿಯನ್ನು ಕೆಳಗಿಟ್ಟುಬಿಟ್ಟಿದ್ದ. ಕೊನೆಗೆ ಆಸ್ಪತ್ರೆಯ ನರ್ಸ್ ಕತ್ತರಿಸಿದಳು. ಇವನು ಹೊರಗೆ ಬೆಂಚಿನ ಮೇಲೆ ಗೋಡೆ ನೋಡುತ್ತಾ ಕೂತಿದ್ದ. ಜಡೆ ಏನಾಯಿತೆಂದು ಕೇಳಲು ಆಮೇಲೂ ಬಾಯಿ ಬಂದಿರಲಿಲ್ಲ.

"ಅದು ಹೊಳೆಯಲ್ಲಿದೆ ಕಣೇ."

"ಹೊಳೇಲಾ?"

"ನೊಣ ಕಟ್ಟಿಬಿಟ್ಟೆ. ಗಿರಾಕೀದು ಅಂದ್ಕೊಂಡೆ."

ಅವಳು ಮೆಲ್ಲಗೆ ಕೆಳಗಿಳಿದು ಅದೇ ಸ್ಟೂಲಿನ ಮೇಲೆ ಕುಸಿದಳು. "ಎಲ್ಲಾನೂ?"

"ಸ್ವಲ್ಪ ಉಳಿದಿದೆ. ಬೆರಳುದ್ದ. ವಿಗ್ಗಿಗೆ ಬರಲ್ಲ."

ಅವಳ ಕಣ್ಣು ತುಂಬಿ ಹರಿಯಿತು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನೂ ಒದ್ದೆ ಪ್ಯಾಂಟಿನಲ್ಲೇ ನೆಲದ ಮೇಲೆ ಕೂತು ಅತ್ತ.

ಕೊನೆಗೆ ಅವಳು ಕೇಳಿದಳು: "ಮೀನಾದ್ರೂ ಕಚ್ಚಿತಾ?"

"ಒಂದೂ ಹತ್ರ ಸುಳೀಲಿಲ್ಲ."

ತಲೆಗೆ ಸುತ್ತಿದ ಬಟ್ಟೆಯ ತುದಿಯಿಂದ ಅವಳು ಮೂಗು ಒರೆಸಿಕೊಂಡಳು.

"ನೋಡಿ, ಇದು ಪರರ ಹೆಂಡ್ತಿ ಕೂದಲು ಅಂತ ಮೀನಿಗೂ ಗೊತ್ತಾಗಿದೆ. ಕಟ್ಕೊಂಡೋರಿಗೇ ಗೊತ್ತಾಗ್ಲಿಲ್ಲ."