ಮೂಗಿರುವ ಒಂದು

ಆ ಬುಧವಾರ ಬೆಳಿಗ್ಗೆಯೂ ನಾನು ಎಂದಿನಂತೆ ಹಾಲು ಉಕ್ಕಿಸಿದೆ. ಒಲೆ ಒರೆಸಿ, ಯಜಮಾನರ ಡಬ್ಬಿಗೆ ಉಪ್ಪಿಟ್ಟು ತುಂಬಿ, ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆದು, ಬರೆದ ಅಂಕಿಯ ಅಂದವನ್ನು ಅರೆಗಳಿಗೆ ನಿಂತು ನೋಡಿದೆ. ನನಗಿರುವ ಜಂಬ ಅದೊಂದೇ, ನನ್ನ ಕೈಬರಹ. ಸಾರಿಗೆ ಉಪ್ಪು ಹೆಚ್ಚಾಯಿತೆಂದರೆ ಒಪ್ಪಿಕೊಳ್ಳುತ್ತೇನೆ, ರಂಗೋಲಿ ಸೊಟ್ಟಗಿದೆ ಎಂದರೆ ನಗುತ್ತೇನೆ. ಅಕ್ಷರದ ವಿಷಯಕ್ಕೆ ಮಾತ್ರ ಯಾರೂ ಬರಬಾರದು. ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಅಂಕಿಗಳನ್ನೂ ಶಿಸ್ತಿನಿಂದ ಕಲಿಸಿದ್ದರು. "ಬರೀ ಗೀಟು ಎಳೆದರೆ ಅದು ಕಡ್ಡಿ. ಒಂದು ಅಂದಮೇಲೆ ಅದಕ್ಕೆ ಮೂಗಿರಬೇಕು" ಎಂದು ಬೆರಳ ಗೆಣ್ಣಿಗೆ ಸ್ಕೇಲಿನಿಂದ ತಟ್ಟಿ ಹೇಳಿದ ಮೇಲೆ, ಮೂವತ್ತೈದು ವರ್ಷಗಳಿಂದ ನನ್ನ ಒಂದು ತನ್ನ ಮೂಗು ಕಳೆದುಕೊಂಡಿಲ್ಲ. ಬದಲಿಗೆ ವರ್ಷದಿಂದ ವರ್ಷಕ್ಕೆ ಅದು ಕೊಂಚ ನೀಳವೇ ಆಗಿದೆ.

ಈ ಅಕ್ಷರದ ಬಲದಿಂದಲೇ ಚಿಂತಾಮಣಿಯ ನಮ್ಮ ಬೀದಿಯ ಹೆಂಗಸರು ರಾಮೇಶ್ವರ ಯಾತ್ರೆಗೆಂದು ಕೂಡಿಸಿದ ನಲವತ್ತನಾಲ್ಕು ಸಾವಿರವನ್ನು ನನ್ನ ಖಾತೆಗೆ ಕಟ್ಟಲು ಕೊಟ್ಟಿದ್ದರು. ನನ್ನನ್ನೂ ಸೇರಿಸಿ ಹನ್ನೊಂದು ಜನ, ತಲೆಗೆ ನಾಲ್ಕು ಸಾವಿರ. ಶನಿವಾರವೇ ಚಲನ್ ತುಂಬಿ ಕಟ್ಟಿ ಬಂದಿದ್ದೆ. "ಸುಮಿತ್ರಮ್ಮ, ಬಸ್ಸಿನವನು ಸಾಯಂಕಾಲ ಅಡ್ವಾನ್ಸ್‌ಗೆ ಬರ್ತಾನೆ. ದುಡ್ಡು ತೆಗೆದಿಟ್ಟಿರಿ" ಎಂದು ಪಕ್ಕದ ಮನೆಯ ರತ್ನಮ್ಮ ಕಾಂಪೌಂಡಿನ ಆಚೆಯಿಂದ ಕೂಗಿದರು. ಸೀರೆಗಳಿಗೆ ಫಾಲ್ ಹೊಲಿದು ಎರಡು ವರ್ಷದಲ್ಲಿ ತಮ್ಮ ಪಾಲು ಕೂಡಿಸಿದ್ದ ಹೆಂಗಸು. ಆದರೂ ಧಾರಾಳಿ. ಹೋದ ಗೌರಿ ಹಬ್ಬಕ್ಕೆ ನಾನು ಬರೆದುಕೊಟ್ಟ ಅಳತೆಯಲ್ಲಿ ಚಕ್ಕುಲಿ ಮಾಡಿ ಬೀದಿಗೆಲ್ಲ ಹಂಚಿದವರು, ದೀಪಾವಳಿಯವರೆಗೂ ಹಂಚುತ್ತಲೇ ಇದ್ದರು.

ಪೌಡರ್ ಹಚ್ಚಿ, ಎರಡು ಮೊಳ ಮಲ್ಲಿಗೆ ಮುಡಿದು ಬ್ಯಾಂಕಿಗೆ ಹೋದೆ. ಯಂತ್ರದ ಬಾಯಿಗೆ ಪಾಸ್‌ಬುಕ್ ಇಟ್ಟರೆ ಅದು ಕಿರ್ರೆಂದು ಬಡ್ಡಿಯ ಒಂದು ಸಾಲು ಕಾರಿ ಸುಮ್ಮನಾಯಿತು. ನಲವತ್ತನಾಲ್ಕು ಸಾವಿರದ ಸುಳಿವೇ ಇಲ್ಲ. ಹತ್ತು ಹೆಂಗಸರ ಮುಖಗಳು ಸಾಲಾಗಿ ಕಣ್ಣ ಮುಂದೆ ಬಂದವು. ಎಲ್ಲರಿಗಿಂತ ಮುಂದೆ, ಬಾಯಲ್ಲಿ ಸೂಜಿ ಕಚ್ಚಿಕೊಂಡ ರತ್ನಮ್ಮ. ಕೌಂಟರಿನ ರಾಮಚಂದ್ರಪ್ಪನವರು ಹಳೆಯ ಚಲನ್‌ಗಳ ಕಟ್ಟು ಬಿಚ್ಚಿ ನನ್ನದನ್ನು ಹುಡುಕಿದರು. ಕಂಪ್ಯೂಟರ್ ನೋಡಿದರು, ಬೆವರಿದರು. ದುಡ್ಡು ಕೆಂಚಾರ್ಲಹಳ್ಳಿಯ ನಾರಾಯಣಮ್ಮ ಎಂಬವರ ಖಾತೆಗೆ ಹೋಗಿತ್ತು. "ಮೇಡಂ, ಕೊನೇ ಅಂಕಿ... ಇದು ಏಳಲ್ವಾ?" ಎಂದರು ಮೆಲ್ಲಗೆ. "ಒಂದು! ಏಳಾಗಿದ್ದರೆ ಹೊಟ್ಟೆಗೆ ಅಡ್ಡಗೀಟು ಹಾಕ್ತಿದ್ದೆ" ಎಂದೆ. ಆ ಸೊಗಸಾದ ಮೂಗನ್ನು ನಾನೂ ಬಗ್ಗಿ ನೋಡಿದೆ. ಒಂದು ಕ್ಷಣ ನನಗೂ ಅನುಮಾನ ಬಂದದ್ದು ನಿಜ, ಅದನ್ನು ಅವರಿಗೆ ಹೇಳಲಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಬಂದು, "ತಪ್ಪು ನಮ್ಮದೇ, ಹೆಸರು ತಾಳೆ ನೋಡಬೇಕಿತ್ತು" ಎಂದುಬಿಟ್ಟರು. ನಾನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ.

ಆದರೆ ನಾರಾಯಣಮ್ಮನ ಸಹಿಯಿಲ್ಲದೆ ದುಡ್ಡು ಹಿಂದಕ್ಕೆ ಬರುವಂತಿರಲಿಲ್ಲ. ಫೋನ್ ಮಾಡಿದರೆ, "ಹುಳ ನಾಲ್ಕನೇ ಜ್ವರ ಎದ್ದಿದಾವೆ ಸ್ವಾಮಿ, ಬಿಟ್ಟು ಬರಕ್ಕಾಗಲ್ಲ. ನೀವೇ ಬರ್ರಿ" ಎಂದಳಂತೆ. ರೇಷ್ಮೆ ಹುಳು ಪೊರೆ ಬಿಡಲು ಉಪವಾಸ ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ; ನಾಲ್ಕನೆಯದರಿಂದ ಎದ್ದವೆಂದರೆ ಹಗಲೂ ರಾತ್ರಿ ಸೊಪ್ಪು ಸುರಿಯುತ್ತಿರಬೇಕು. ರಾಮಚಂದ್ರಪ್ಪನವರು ಆಟೋ ಹಿಡಿದರು. ಬೇಡವೆಂದರೂ ಕೇಳದೆ ನಾನೂ ಹತ್ತಿದೆ.

ಹುಳುಮನೆಗೆ ಇನ್ನೂ ಹತ್ತು ಹೆಜ್ಜೆ ಇರುವಾಗಲೇ ಒಳಗಿಂದ ಕೂಗು ಬಂತು. "ಆಗಂಡಿ, ಅಲ್ಲೇ ನಿಂತ್ಕೊಳ್ಳಿ! ಏನಮ್ಮಾ ಇದು, ಮದುವೆಮನೆ ಥರ ಘಮಘಮ ಅಂತ ಬಂದಿದೀಯ? ನನ್ನ ಹುಳ ಸೊಪ್ಪು ಮುಟ್ಟದೆ ಸಾಯ್ತಾವೆ. ಹೂವ ತೆಗಿ, ಮುಖ ತೊಳಿ. ಆಮೇಲೆ ಸಹಿ." ಹುಳುಗಳಿಗೆ ಸುವಾಸನೆ ಆಗದೆಂದು ಈ ಸೀಮೆಯಲ್ಲೇ ಹುಟ್ಟಿದ ನನಗೆ ಗೊತ್ತಿರಬೇಕಿತ್ತು. ಮಲ್ಲಿಗೆಯನ್ನು ಆಟೋದ ಹ್ಯಾಂಡಲಿಗೆ ಸುತ್ತಿ, ದನದ ತೊಟ್ಟಿಯ ನೀರಲ್ಲಿ ಮುಖ ತೊಳೆದೆ. ಒಂದು ಎಮ್ಮೆ ಕುಡಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿತು. ವಾಸನೆ ಎಣ್ಣೆಯ ಕ್ರಾಪಿನ ರಾಮಚಂದ್ರಪ್ಪನವರಿಗೆ ತಲೆಯನ್ನೇ ತೊಳೆಯುವ ಶಿಕ್ಷೆ. ಆಮೇಲೆ ನಾರಾಯಣಮ್ಮ ಹೊರಗೆ ಬಂದು, ಸೊಪ್ಪಿನ ಹಸಿರು ಹತ್ತಿದ ಕೈ ಒರೆಸಿಕೊಂಡು ಸಹಿ ಹಾಕಿದಳು.

"ದುಡ್ಡು ಬಂದಿದ್ದು ಗೊತ್ತಿತ್ತಾ?" ಎಂದೆ.

"ಗೊತ್ತಿತ್ತು ಕಣಮ್ಮ. ಹುಳುಮನೆ ಸಬ್ಸಿಡಿ ಅಂದ್ಕೊಂಡೆ. ಆದ್ರೆ ಅರ್ಜಿ ಕೊಟ್ಟು ಇನ್ನೂ ಆರೇ ತಿಂಗಳು. ಸರ್ಕಾರದ್ದು ಇಷ್ಟು ಬೇಗ ಎಲ್ಲಿ ಬರ್ತದೆ ಅಂತ ಅನುಮಾನವಾಗಿ ಮುಟ್ಟಲಿಲ್ಲ" ಎಂದು ನಕ್ಕಳು. ಸರ್ಕಾರದ ನಿಧಾನಕ್ಕೆ ನಾನು ಕೈಮುಗಿದದ್ದು ಅದೇ ಮೊದಲು.

ಮೂರೂವರೆಗೆ ದುಡ್ಡು ನನ್ನ ಚೀಲದಲ್ಲಿತ್ತು. ಈ ಕಥೆಯನ್ನು ಬೀದಿಯಲ್ಲಿ ಯಾರಿಗೂ ಹೇಳಬಾರದೆಂದು ದಾರಿಯಲ್ಲೇ ತೀರ್ಮಾನಿಸಿದೆ. ಹೇಳಲೇಬೇಕಾಗಿ ಬಂದರೆ ಬ್ಯಾಂಕಿನವರಿಗೆ ಅಕ್ಷರಜ್ಞಾನ ಸಾಲದು ಎಂದರಾಯಿತು.

ಸಂಜೆ ಮಿನಿ ಬಸ್ಸಿನ ಮಾಲೀಕ ನಮ್ಮ ಜಗಲಿಗೆ ಬಂದ. ರತ್ನಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ದುಡ್ಡು ಎಣಿಸಿಕೊಂಡ ಆತ, ಎಷ್ಟು ಸೀಟು ಬರೆದುಕೊಡಿ ಅಂದ. ನಾನು ಅವನ ಪುಸ್ತಕ ತೆಗೆದುಕೊಂಡು ಎರಡು ಒಂದುಗಳನ್ನು ಮೂಗು ಸಮೇತ, ಎಂದಿಗಿಂತ ಚೆಂದವಾಗಿ ಬರೆದೆ. ಆತ ನೋಡಿ ಬೆಚ್ಚಿದ. "ಎಪ್ಪತ್ತೇಳು ಜನಾನಾ? ಅಮ್ಮಾ, ನನ್ನ ಗಾಡೀಲಿ ಇಪ್ಪತ್ತೊಂದೇ ಸೀಟಿರೋದು!"

ರತ್ನಮ್ಮ ಕಾಯಿಯಿಂದ ತಲೆ ಎತ್ತಲಿಲ್ಲ. "ಹನ್ನೊಂದು ಕಣಪ್ಪ. ನಮ್ಮ ಸುಮಿತ್ರಮ್ಮನ ಏಳನ್ನೆಲ್ಲ ಒಂದು ಅಂತ ಓದ್ಕೋಬೇಕು. ಗೌರಿ ಹಬ್ಬಕ್ಕೆ ಏಳು ಸೇರು ಅಕ್ಕಿಹಿಟ್ಟು ಕಲಸಿದಾಗಿಂದ ಬೀದೀಗೆಲ್ಲ ಗೊತ್ತು."