ಹೂಂ ಅಂದ ಗೋಡೆ

ಬೇರೆಯವರ ಹೊಸ ಮನೆ ನೋಡಿ ಹೊಗಳುವುದು ನನ್ನ ದೌರ್ಬಲ್ಯ. ಕೆಲವರಿಗೆ ಮೈಸೂರು ಪಾಕು ಕಂಡರೆ ಆಗುವುದು ನನಗೆ ಫಾಲ್ಸ್ ಸೀಲಿಂಗ್ ಕಂಡರೆ ಆಗುತ್ತದೆ. ಗೃಹಪ್ರವೇಶಕ್ಕೆ ಹೋದರೆ ಊಟಕ್ಕಿಂತ ಮೊದಲು ಅಡುಗೆಮನೆಯ ಡ್ರಾಯರು ಎಳೆದು ನೋಡುತ್ತೇನೆ; ಅದು ಸದ್ದಿಲ್ಲದೆ ತಾನಾಗಿ ಒಳಸರಿದರೆ ನಿಟ್ಟುಸಿರು ಬಿಡುತ್ತೇನೆ. ನನ್ನ ಹೆಂಡತಿ ಗಿರಿಜಾಗೆ ಈ ನಿಟ್ಟುಸಿರು ಕೇಳಿದರೆ ಮೈ ಉರಿಯುತ್ತದೆ. ಯಾಕೆಂದರೆ ಹೊಸಪೇಟೆಯ ನಮ್ಮ ಮನೆಯ ಪಡಸಾಲೆ ಮಳೆಗಾಲದಲ್ಲಿ ಸೋರುತ್ತದೆ. "ಜನ ಖರ್ಚು ಮಾಡಿ ಹಂಪಿಗೆ ಯಾಕ ಹೋಗ್ತಾರೋ, ನಮ್ಮನೀಗೆ ಬಂದ್ರ ಸಾಕು, ಇಲ್ಲೂ ಮ್ಯಾಲ ನೋಡಿದ್ರ ಆಕಾಶ ಕಾಣ್ತೈತಿ" ಎಂದು ಬಂದವರ ಮುಂದೆಲ್ಲ ಹೇಳುತ್ತಾಳೆ. ಇದು ಉತ್ಪ್ರೇಕ್ಷೆ. ಆಕಾಶ ಕಾಣುವುದಿಲ್ಲ. ಸಿಮೆಂಟು ಉದುರಿದ ಕಡೆ ಕಬ್ಬಿಣದ ಸರಳು ಕಾಣುತ್ತದೆ, ಅಷ್ಟೇ.

ಹೀಗಿರುವಾಗ ಗಿರಿಜಾಳ ತಮ್ಮ ಮಲ್ಲಿ ನಮ್ಮೂರಿನಲ್ಲೇ ಮನೆ ಕಟ್ಟಿಸಿದ. ಅವನಿಗೆ ಕಂಪ್ಲಿಯಲ್ಲಿ ರೈಸ್ ಮಿಲ್ಲಿದೆ. ಮನೆಯಲ್ಲಿ ಮಾತ್ರ ಒಂದು ಕಾಳು ಧೂಳಿಲ್ಲ. ಹಾಲಿನ ಒಂದು ಬದಿಗೆ ಈ ತುದಿಯಿಂದ ಆ ತುದಿಯವರೆಗೆ ತೇಗದ ಬಣ್ಣದ ಹಲಗೆಗಳ ಗೋಡೆ. ಹಿಡಿಕೆಯಿಲ್ಲ, ಚಿಲಕವಿಲ್ಲ, ಚೌಕಟ್ಟಿಲ್ಲ. "ಮಾಮಾ, ಇದರಾಗ ಬಾಗಿಲು ಎಲ್ಲೈತಿ ಹೇಳ್ರಿ ನೋಡೋಣು" ಎಂದ. ನಾನು ಸೋತೆ. ಅವನು ಬೆರಳಿನಿಂದ ಒತ್ತುತ್ತ ಹೋದ ಹಾಗೆ ಒಂದೊಂದೇ ಹಲಗೆ ತೆರೆದುಕೊಂಡಿತು: ಚಪ್ಪಲಿ ಕಪಾಟು, ಫ್ರಿಜ್ಜು, ದೇವರ ಕೋಣೆ, ಬಚ್ಚಲು. ಮತ್ತೆ ಒತ್ತಿದರೆ ಎಲ್ಲವೂ ಗೋಡೆ. ನಾನು ಬಿಟ್ಟ ನಿಟ್ಟುಸಿರು ಗಿರಿಜಾಳಿಗೆ ಅಡುಗೆಮನೆಯವರೆಗೂ ಕೇಳಿಸಿತಂತೆ.

ಮುಂದಿನದನ್ನು ನಿಧಾನವಾಗಿ, ಕಂಡಷ್ಟು ಮತ್ತು ಕೇಳಿದಷ್ಟು ಮಾತ್ರ ಹೇಳುತ್ತೇನೆ. ಗೃಹಪ್ರವೇಶದ ಪೂಜೆ ಬೆಳಿಗ್ಗೆಯೇ ಮುಗಿದಿತ್ತು. ದೀಪ ಶಾಂತವಾದ ಮೇಲೆ, ಗೋಡೆಯ ಅಂದ ಕೆಡಬಾರದೆಂದು ಮಲ್ಲಿ ದೇವರ ಕೋಣೆಯ ಹಲಗೆ ಮುಚ್ಚಿದ್ದ. ನಾನು ಬಚ್ಚಲಿಗೆ ಹೋಗಿ, ದೀಪ ಹಾಕಿಕೊಂಡು, ಅಲ್ಲಿನ ಕರಿ ಕಲ್ಲಿನ ಬೇಸಿನ್ನನ್ನು ಮನಸಾರೆ ಮೆಚ್ಚುತ್ತಿದ್ದೆ. ಆಗ ಎಮ್ಮಿಗನೂರಿನಿಂದ ಗಿರಿಜಾಳ ಕಡೆಯ ಹಿರಿಯರು ಟೆಂಪೋದಲ್ಲಿ ಬಂದಿಳಿದ ಸದ್ದಾಯಿತು. ಹೊಸ ಮನೆಗೆ ಬಂದವರು ದೇವರಿಗೆ ಕೈಮುಗಿಯದೆ ಎಲೆಯ ಮುಂದೆ ಕೂಡುವ ಪದ್ಧತಿ ನಮ್ಮಲ್ಲಿಲ್ಲ. ದೇವರ ಮನೆ ಎಲ್ಲಿ ಎಂದು ಯಾರೋ ಕೇಳಿದರು. ಬಡಿಸುವ ಗಡಿಬಿಡಿಯಲ್ಲಿದ್ದ ಮಲ್ಲಿ, ಅಲ್ಲೇ ಗೋಡೆಯಲ್ಲಿದೆ ಎಂದು ಗದ್ದದಿಂದ ತೋರಿಸಿ ಹೋದನಂತೆ. ಉಳಿದದ್ದನ್ನು ಹಿರಿಯರು ತಾವೇ ಹುಡುಕಿದರು. ಇಡೀ ಗೋಡೆಯಲ್ಲಿ ಒಂದೇ ಒಂದು ಹಲಗೆಯ ಕೆಳಗೆ ಸಣ್ಣಗೆ ಬೆಳಕು ಕಾಣುತ್ತಿತ್ತು. ಅಲ್ಲಿ ದೀಪ ಉರಿಯುತ್ತಿದೆ ಎಂದಮೇಲೆ ದೇವರೂ ಅಲ್ಲೇ ಇರಬೇಕು.

ಅಲ್ಲಿದ್ದದ್ದು ನಾನು.

ತೆರೆಯಲು ಹಿಡಿಕೆ ಸಿಗದೆ ಅವರು ಹಲಗೆಗೇ ಪೂಜೆ ಶುರುಮಾಡಿದ್ದರು. ಮೊದಲು ಊದಿನಕಡ್ಡಿಯ ವಾಸನೆ ಬಂತು. ಆಮೇಲೆ ಕರ್ಪೂರದ್ದು. ಹಲಗೆಗೆ ಯಾರೋ ಹಣೆ ತಾಗಿಸಿದ ಸದ್ದು ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿ ಕೇಳಿಸಿತು. ಈಗ ಬಾಗಿಲು ತೆರೆದರೆ ಅಷ್ಟು ಜನ ಹಿರಿಯರ ಭಕ್ತಿ ಏನಾಗಬೇಕು, ಮಲ್ಲಿಯ ಮರ್ಯಾದೆ ಏನಾಗಬೇಕು, ಮುಖ್ಯವಾಗಿ ನನ್ನದು ಏನಾಗಬೇಕು? ಉಸಿರು ಬಿಗಿಹಿಡಿದು ನಿಂತೆ. ಒಬ್ಬೊಬ್ಬರಾಗಿ ಕೈಮುಗಿದು ಊಟಕ್ಕೆ ಸರಿದರು. ಕೊನೆಗೆ ಉಳಿದವರು ಗಿರಿಜಾಳ ದೊಡ್ಡವ್ವ. ಆಕೆ ದೇವರೊಡನೆ ಮಾತಾಡುವುದು ಪಕ್ಕದ ಮನೆಯವರೊಡನೆ ಮಾತಾಡಿದಷ್ಟೇ ಸಲೀಸಾಗಿ. ಮಲ್ಲಿಯ ಮಿಲ್ಲು ಚೆನ್ನಾಗಿ ನಡೆಯಲಿ ಎಂದರು, ತಮ್ಮ ಮೊಣಕಾಲು ನೋಯದಿರಲಿ ಎಂದರು. ನಂತರ ದನಿ ತಗ್ಗಿಸಿದರು.

"ನಮ್ಮ ಗಿರಿಜಾನ ಗಂಡಗ ಒಂದೀಟು ಬುದ್ಧಿ ಕೊಡಪ್ಪ. ಮಂದಿ ಮನಿ ಹೊಗಳಿಕೋಂತ ತಿರುಗ್ತಾನ. ಆ ಹುಡುಗಿ ಮಳಿ ಬಂದ್ರ ಹಾಸಿಗಿ ಹೊತ್ಕೊಂಡು ಮೂಲಿ ಮೂಲಿ ಅಡ್ಡಾಡ್ತೈತಿ. ಈ ಮಳಿಗಾಲದೊಳಗ ಸೋರೋ ಮ್ಯಾಳಗಿ ಸರಿ ಮಾಡಸ್ತಾನೋ ಇಲ್ಲೋ, ನೀನಽ ಹೇಳು."

ದೊಡ್ಡವ್ವ ಏನು ಕೇಳಿದರೂ ತಲೆತಗ್ಗಿಸಿ ಉತ್ತರ ಕೊಟ್ಟು ಮದುವೆಯಾದಾಗಿನಿಂದ ನನಗೆ ರೂಢಿ. ಬಾಯಿ ನನ್ನನ್ನು ಕೇಳದೆ ಹೇಳಿಬಿಟ್ಟಿತು: "ಹೂಂನ್ರಿ."

ಹೊರಗೆ ಸದ್ದಡಗಿತು. ಬಹಳ ಹೊತ್ತು ಕಾದೆ. ಎಲ್ಲರೂ ಹೋದರೆಂದು ಖಾತ್ರಿಯಾದ ಮೇಲೆ ಹಲಗೆ ಒತ್ತಿ ಹೊರಬಂದೆ. ಹಲಗೆಯ ಮೇಲೆ ವಿಭೂತಿಯ ಪಟ್ಟೆ, ಕುಂಕುಮ, ಸಂದಿಗೆ ಸಿಕ್ಕಿಸಿದ ಚೆಂಡುಹೂ, ನನ್ನ ಕಾಲ ಬುಡದಲ್ಲಿ ಒಡೆದ ತೆಂಗಿನಕಾಯಿ. ಎದುರಿನ ಸೋಫಾದ ಮೇಲೆ ದೊಡ್ಡವ್ವ ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದರು. ನನ್ನನ್ನು ನೋಡಿದರು. ನನ್ನ ಹಿಂದೆ ತೆರೆದಿದ್ದ ಬಚ್ಚಲನ್ನು ನೋಡಿದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕೈಯಲ್ಲಿದ್ದ ಬಾಳೆಹಣ್ಣು ಚಾಚಿದರು.

"ಈ ಮನಿ ದ್ಯಾವ್ರು ಭಾಳ ಮರ್ಯಾದಸ್ಥ ಅದಾನಪಾ. ಭಕ್ತರಿಗೆ ಹೂಂನ್ರಿ ಅಂತಾನ. ಮಾತು ತಪ್ಪಿದ್ರ ಮಾತ್ರ ನಾ ಹೊರಗ ಹೇಳಾಕಿ."

ಮರುದಿನವೇ ಗೌಂಡಿ ಬಂದ. ಈಗ ನಮ್ಮ ಮನೆ ಸೋರುವುದಿಲ್ಲ. ಇಷ್ಟು ಜಲ್ದಿ ನನಗೆ ಬುದ್ಧಿ ಬಂದದ್ದು ಹೇಗೆಂದು ಗಿರಿಜಾ ದೊಡ್ಡವ್ವನನ್ನು ಕೇಳಿದಳಂತೆ. ದೇವರ ದಯೆ ಎಂದರಂತೆ. ಅದೇ ಕೆಲಸದ ಜೊತೆಗೆ ನಮ್ಮ ಬಚ್ಚಲ ಬಾಗಿಲಿಗೆ ಮೊಳದುದ್ದದ ಹಿತ್ತಾಳೆ ಹಿಡಿಕೆಯನ್ನೂ ಹಾಕಿಸಿದ್ದೇನೆ, ಬೀದಿಯಿಂದಲೇ ಕಾಣುತ್ತದೆ. ಆದರೂ ನಾನು ಒಳಗಿದ್ದಾಗ ಗಿರಿಜಾ ಹೊರಗಿನಿಂದ ಏನು ಕೇಳಿದರೂ ಉತ್ತರ ಕೊಡುವುದಿಲ್ಲ. ಈಗ ಅವಳು ಅಡುಗೆಮನೆಗೆ ಹೊಸ ಡ್ರಾಯರು ಹಾಕಿಸುವ ಮಾತು ಎತ್ತುತ್ತಿದ್ದಾಳೆ.