ಪಟ್ಟಿ ಅಂಟಿಸಿಕೊಂಡೇ ಸೋಬಾನೆ ಹಾಡಲು ಅಪ್ಪಣೆ ಕೋರಿ

ಇಂದ:
ಬೆಟ್ಟಮ್ಮ, ದ್ಯಾವಯ್ಯನವರ ಹೆಂಡತಿ,
ಬೂಕನಕೆರೆ, ಕೆ.ಆರ್. ಪೇಟೆ ತಾಲ್ಲೂಕು

ಗೆ:
ದೊಡ್ಡತಾಯಮ್ಮನವರು, ಯಜಮಾನತಿ,
ಸೋಬಾನೆ ಹೆಂಗಸರ ತಂಡ,
ಅದೇ ಬೀದಿ, ಎದುರು ಮನೆ

ವಿಷಯ: ಮೊಮ್ಮಗಳು ರಂಜಿತಳ ಮದುವೆಯಲ್ಲಿ, ತೋಳಿಗೆ ನಿಕೋಟಿನ್ ಪಟ್ಟಿ ಅಂಟಿಸಿಕೊಂಡು ಹಾಡಲು ಅಪ್ಪಣೆ ಕೊಡುವ ಬಗ್ಗೆ.

ಉಲ್ಲೇಖ: ಮೊನ್ನೆ ಬೆಳಿಗ್ಗೆ ಹಾಲಿನ ಡೈರಿ ಮುಂದೆ ತಾವು ಎಲ್ಲರಿಗೂ ಕೇಳುವಂತೆ ಆಡಿದ ಮಾತು.

ಮಾನ್ಯರೇ,

ಸದರಿ ಅರ್ಜಿದಾರಳು ಎದುರು ಮನೆಯಿಂದಲೇ ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಅರ್ಜಿದಾರಳು ಲಂಗ ಉಡುವ ವಯಸ್ಸಿನಿಂದ ಸೋಬಾನೆ ಹಾಡುತ್ತ ಬಂದಿರುತ್ತಾಳೆ. ತಮ್ಮ ಮದುವೆಯಲ್ಲಿ ಬೀಗರನ್ನು ಮೂದಲಿಸಿ ಹಾಡಿದ್ದು ಇವಳೇ. ಬೀಗರು ಮುನಿದು ಊಟದ ಎಲೆ ಬಿಟ್ಟೆದ್ದದ್ದು, ತಾವು ಸೆರಗು ಅಡ್ಡ ಹಿಡಿದು ನಕ್ಕಿದ್ದು ಇವಳಿಗೆ ಚೆನ್ನಾಗಿ ನೆನಪಿರುತ್ತದೆ.

೨. ಕೊರೊನಾ ಬಂದು ಹೋಯಿತು, ಸುಸ್ತು ಮಾತ್ರ ಹೋಗಲಿಲ್ಲ. ಸಾರಿಗೆ ಒಗ್ಗರಣೆ ಹಾಕಿದರೆ ಸಾಕು, ಮಲಗಬೇಕು. ಅದರ ಮೇಲೆ ತಲೆಗೆ ಮಂಕು ಬೇರೆ ಕವಿಯಿತು. ಆ ಕಾರಣ, ನಮ್ಮೂರ ಕೆಂಪಣ್ಣನ ಮಗಳ ಮದುವೆಯಲ್ಲಿ ಹಸೆಗೆ ಕರೆಯುವ ಪದ ಹಾಡಬೇಕಾದ ಕಡೆ ಹೆಣ್ಣೊಪ್ಪಿಸುವ ಪದ ಎತ್ತಿಬಿಟ್ಟಳು. ತಾಳಿ ಕಟ್ಟುವ ಮೊದಲೇ ಹೆಣ್ಣಿನ ತಾಯಿ ಗೋಳೋ ಎಂದಳು. ಓಲಗದವರು ಮದುವೆ ಮುಗಿಯಿತೆಂದು ಡೋಲು ಚೀಲಕ್ಕೆ ಹಾಕಿಕೊಂಡರು.

೩. ಆದ್ದರಿಂದ ರಂಜಿತ ಅಜ್ಜಿಯನ್ನು ಮೈಸೂರಿಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಎದೆ ಪರೀಕ್ಷೆ ಮಾಡಿಸಿ, ಮಂಕು ಬಿಡಿಸಲೆಂದು ಹೊಗೆಸೊಪ್ಪಿನ ನಿಕೋಟಿನ್ ಇರುವ, ತೋಳಿಗೆ ಅಂಟಿಸುವ ಚಿಕ್ಕ ಪಟ್ಟಿ ಬರೆದುಕೊಟ್ಟು, “ಇದು ಎಲ್ಲರಿಗೂ ಹಿಡಿಯಲ್ಲ ಅಜ್ಜಿ. ಗ್ಯಾರಂಟಿ ಕೊಡಲ್ಲ, ಸ್ವಲ್ಪ ದಿನ ನೋಡೋಣ. ನಿಮ್ಮಷ್ಟಕ್ಕೆ ನೀವೇ ಹೆಚ್ಚು ಮಾಡ್ಕೋಬೇಡಿ, ಯಾರಿಗೂ ಕೊಡಬೇಡಿ” ಎಂದರು.

೪. ಅರ್ಜಿದಾರಳ ಯಜಮಾನರು ಈ ಮಾತು ಕೇಳಿ ಕಿವಿಯ ಸಂದಿಯಿಂದ ಬೀಡಿ ತೆಗೆದು, “ಅಂಗಾರೆ ಇದೂ ಔಸ್ದಿನೇ ಕಣಮ್ಮಿ! ನಾನು ಇಷ್ಟ್ ವರ್ಸದಿಂದ ಔಸ್ದಿ ತಗತಾವ್ನಿ” ಎಂದರು. “ಅಂಗಾದ್ರೆ ಆ ಕೆಮ್ಮು ಯಾಕ್ ಬತ್ತದೆ ತಾತ?” ಎಂದು ರಂಜಿತ ಕೇಳಿದಳು. ಬೀಡಿ ಕಿವಿಗೇ ವಾಪಸ್ಸಾಯಿತು.

೫. ಪಟ್ಟಿ ಹಾಕಿದ ಕೆಲವು ದಿನಕ್ಕೆ ಅವರೆಕಾಯಿ ಸುಲಿಯುತ್ತಿದ್ದಾಗ ಹಸೆಯ ಪದ ತಲೆಯಿಂದ ಬಾಲದವರೆಗೆ ತಾನಾಗಿ ಬಂತು. ರಂಜಿತ ಫೋನು ಕೆಳಗಿಟ್ಟು, “ಅಜ್ಜಿ, ನೀನ್ ಆಡ್ದಿದ್ರೆ ನಾನ್ ಅಸೆ ಮ್ಯಾಲೆ ಕೂರಾಕಿಲ್ಲ” ಎಂದಳು. ಆದರೆ ಮುಚ್ಚಿಡುವುದೇನು, ಕೆಲವು ದಿನ ಪದ ಬರುತ್ತದೆ, ಕೆಲವು ದಿನ ಅರ್ಧ ದಾರಿಗೆ ಕೈಕೊಡುತ್ತದೆ.

೬. ಅಷ್ಟರಲ್ಲಿ ಒಂದು ಸಂಜೆ ತಾವು ಹಿತ್ತಲ ಬಾಗಿಲಿಂದ ಬಂದು, “ಬೆಟ್ಟಿ, ನನ್ ಮಂಡಿಗೂ ಒಂದ್ ಅಂಟ್ಸು” ಎಂದಿರಿ. ಡಾಕ್ಟರಮ್ಮನ ಅಪ್ಪಣೆಯಂತೆ ಅರ್ಜಿದಾರಳು ಕೊಡಲಿಲ್ಲ. ಮರುದಿನವೇ ತಾವು ಡೈರಿ ಮುಂದೆ, “ಬಾಯ್ಗಾಕ್ಬ್ಯಾಡ ಅಂದ್ರೆ ತೋಳ್ಗಾಕ್ಕೊಂಡವ್ಳೆ! ಒಗೆಸೊಪ್ಪು ಒಗೆಸೊಪ್ಪೇ ಕಣ್ರಮ್ಮಿ. ಒಗೆಸೊಪ್ಪು ಆಕ್ದೋರು ಅಸೆ ಮುಂದೆ ಕೂರಂಗಿಲ್ಲ ಅನ್ನೋದು ತಂಡದ ಕಟ್ಳೆ” ಎಂದಿರಿ. ಇವೆರಡಕ್ಕೂ ಸಂಬಂಧವಿದೆಯೆಂದು ಅರ್ಜಿದಾರಳು ಹೇಳುತ್ತಿಲ್ಲ.

೭. ಸದರಿ ಕಟ್ಟಳೆ ಬಂದದ್ದು, ಹಾಡುವವರೊಬ್ಬರ ಬಾಯಿಂದ ಹೊಗೆಸೊಪ್ಪಿನ ರಸ ಹಾರಿ ಮದುಮಗನ ಬಿಳಿ ಪಂಚೆಗೆ ಬಿದ್ದ ಕಾರಣಕ್ಕೆ. ಪಟ್ಟಿ ಉಗುಳುವುದಿಲ್ಲ. ರವಿಕೆ ತೋಳಿನ ಒಳಗೆ ತೆಪ್ಪಗಿರುತ್ತದೆ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ರಂಜಿತಳ ಮದುವೆ ನಡೆಯುವ ಪಾಂಡವಪುರದ ಛತ್ರದಲ್ಲಿ ಹಸೆಯ ಪದ ಎತ್ತುವ ಹಕ್ಕನ್ನು ಅರ್ಜಿದಾರಳಿಗೇ ಉಳಿಸಿಕೊಡಬೇಕಾಗಿ ಬೇಡಿಕೊಳ್ಳುತ್ತಾಳೆ.

ಇಂತು ತಮ್ಮ ವಿಶ್ವಾಸಿ, ನಮ್ಮಿಬ್ಬರ ಹೊಲದ ಬೇಲಿ ಜಗಳದ ದಿನವೂ ವಿಶ್ವಾಸಿ,
ಬೆಟ್ಟಮ್ಮ

ಲಗತ್ತುಗಳು:
೧. ಡಾಕ್ಟರಮ್ಮನ ಚೀಟಿಯ ನಕಲು.
೨. ಪಟ್ಟಿಯ ಖಾಲಿ ಕವರು (ಮೂಸಿ ನೋಡಲು ಮಾತ್ರ).
೩. ಮಂಡಿಗೆ ಹಚ್ಚಲು ಬಿಸಿ ಮಾಡಿದ ಹರಳೆಣ್ಣೆ, ಒಂದು ಬಟ್ಟಲು. ಬಟ್ಟಲು ವಾಪಸ್ಸು ಬರಬೇಕು.

ವಿ.ಸೂ.: ಅಪ್ಪಣೆ ಸಿಕ್ಕಿದ ಪಕ್ಷದಲ್ಲಿ ತಾವು ಅರ್ಜಿದಾರಳ ಬಲಗಡೆಯೇ ಕೂರತಕ್ಕದ್ದು. ಪದ ನಡುವೆ ನಿಂತರೆ ಅವಳ ತೊಡೆ ಚಿವುಟಿ ಮುಂದಿನ ಸೊಲ್ಲು ಕಿವಿಯಲ್ಲಿ ಹೇಳತಕ್ಕದ್ದು. ಮೆಲ್ಲಗೆ ಚಿವುಟಬೇಕಾಗಿ ವಿನಂತಿ.